ಕೆಟ್ಟ ಡ್ರಾಫ್ಟ್ ಬೇಕಾಗಿದೆ

ಫೈನಲ್. ಹೊಸ ಫೈನಲ್. ನಿಜವಾದ ಫೈನಲ್. ಇದೇ ಫೈನಲ್ ಮೇಡಂ. ಸೆಮಿಸ್ಟರ್ ಮುಗಿಯುವ ವಾರ ನನಗೆ ಮೇಲ್‌ನಲ್ಲಿ ಬರುವ ಫೈಲುಗಳ ಹೆಸರು ಇವು. ಇದರಲ್ಲಿ ಯಾವುದನ್ನು ನೋಡಲಿ ಅಂತ ಕೇಳಿದರೆ, 'ಅದು ಯಾವುದೂ ಅಲ್ಲ ಮೇಡಂ, ಈಗ ಇನ್ನೊಂದು ಕಳಿಸ್ತೀನಿ' ಎಂಬ ಉತ್ತರ ಬರುತ್ತದೆ.

ನಾನು ಕಾಲೇಜಿನ ಮೊದಲ ವರ್ಷದವರಿಗೆ ಬರವಣಿಗೆ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಮೊದಲ ದಿನ ಸಿಲಬಸ್ ಓದುವಾಗ 'ಈ ಕೋರ್ಸಿಗೆ ಪರೀಕ್ಷೆ ಇಲ್ಲ' ಎನ್ನುತ್ತೇನೆ. ಕ್ಲಾಸಿನಲ್ಲಿ ಹಬ್ಬದ ಕಳೆ. ಆಮೇಲೆ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಹೇಳುವುದು ಇಷ್ಟೆ: ಪರೀಕ್ಷೆಯ ಬದಲು ಪೋರ್ಟ್‌ಫೋಲಿಯೊ ಕೊಡಬೇಕು. ಅದರಲ್ಲಿ ಮೂರು ಪ್ರಬಂಧ. ಬರೀ ಪ್ರಬಂಧ ಕೊಟ್ಟರೆ ಸಾಲದು. ಒಂದೊಂದರ ಮೊದಲ ಡ್ರಾಫ್ಟು, ಅದನ್ನು ಓದಿ ಸಹಪಾಠಿ ಬರೆದ ಅಭಿಪ್ರಾಯ, ಎರಡನೇ ಡ್ರಾಫ್ಟು, ಅದಕ್ಕೆ ನಾನು ಬರೆದ ಟಿಪ್ಪಣಿ, ಕೊನೆಯ ಪ್ರತಿ, ಎಲ್ಲವೂ ಇರಬೇಕು. ಇಷ್ಟರ ಮೇಲೆ ಒಂದು ಪತ್ರ: ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ ಅಂತ. ಮಾರ್ಕ್ಸು ಜಾಸ್ತಿ ಸಿಗುವುದು ಈ ಬದಲಾವಣೆಗೆ.

ಇದಕ್ಕೆಲ್ಲ ಯಾರನ್ನು ಬೈಯಬೇಕು ಅಂತ ಹುಡುಗರು ಕೇಳುತ್ತಾರೆ. ಮೊದಲ ವರ್ಷದವರಿಗೆ ಬರವಣಿಗೆ ಕೋರ್ಸ್ ಇಡುವ ಅಭ್ಯಾಸಕ್ಕೆ ಅಮೆರಿಕದ ಹಾರ್ವರ್ಡನ್ನು ಬೈಯಬಹುದು. ಅಲ್ಲಿ 1885ರಲ್ಲೇ ಇದು ಮೊದಲ ವರ್ಷಕ್ಕೆ ಬಂತು. ಪೋರ್ಟ್‌ಫೋಲಿಯೊ ಆಮೇಲಿನದು. 1980ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಲ್ಬೊ ಮತ್ತು ಪ್ಯಾಟ್ ಬೆಲನಾಫ್ ಎಂಬ ಇಬ್ಬರು ಮೇಷ್ಟ್ರುಗಳು ಬರವಣಿಗೆ ಪರೀಕ್ಷೆಯನ್ನು ತೆಗೆದು ಆ ಜಾಗದಲ್ಲಿ ಪೋರ್ಟ್‌ಫೋಲಿಯೊ ತಂದರು. ಗಡಿಯಾರ ನೋಡಿಕೊಂಡು ಒಂದೇ ಉಸಿರಿಗೆ ಗೀಚಿದ್ದನ್ನು ನೋಡಿ ಯಾರ ಬರವಣಿಗೆಯನ್ನೂ ಅಳೆಯಲಾಗದು ಎಂಬುದು ಅವರ ವಾದ. ನೂರಕ್ಕೆ ನೂರು ಸರಿ. ಆದರೆ ನಮ್ಮ ಕ್ಲಾಸಿಗೆ ಬರುವವರು ಅಲ್ಲಿಯವರೆಗೆ ಕಲಿತದ್ದು ತಪ್ಪನ್ನು ಅಡಗಿಸುವ ವಿದ್ಯೆ. ರಬ್ಬರ್ ಹಾಕು, ವೈಟ್ನರ್ ಬಳಿ, ಹಾಳೆ ಹರಿದು ಹೊಸದಾಗಿ ಬರಿ. ಈಗ ಇದ್ದಕ್ಕಿದ್ದ ಹಾಗೆ ನಾನು ಬಂದು 'ನಿಮ್ಮ ಕಾಟು ಚಿತ್ತು ಎಲ್ಲ ತೋರಿಸಿ, ಅದಕ್ಕೇ ಮಾರ್ಕ್ಸು' ಎಂದರೆ ಅವರು ಯಾಕೆ ನಂಬಬೇಕು?

ಪೀರ್ ರಿವ್ಯೂ ಎಂಬುದಂತೂ ಬೇರೆಯೇ ಕತೆ. ಪಕ್ಕದವರ ಡ್ರಾಫ್ಟ್ ಓದಿ ಸಲಹೆ ಕೊಡಬೇಕು. ಶುರುವಿನಲ್ಲಿ ಎಲ್ಲರೂ 'ಸೂಪರ್, ಹೀಗೇ ಮುಂದುವರಿಸು' ಎಂದು ಬರೆದರು. ಸ್ನೇಹ ಕೆಡಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಸರಿ, ಪ್ರಶ್ನೆಗಳಿರುವ ಫಾರಂ ಕೊಟ್ಟೆ. 'ಈ ಪ್ರಬಂಧದ ಮುಖ್ಯ ವಾದ ಯಾವುದು?' ಎಂಬ ಪ್ರಶ್ನೆಗೆ ಒಬ್ಬ 'ಹೌದು' ಎಂದು ಬರೆದಿದ್ದ. ಇನ್ನೊಬ್ಬ 'ಮೊದಲ ಪ್ಯಾರಾ ಸ್ವಲ್ಪವೂ ಅರ್ಥವಾಗಲಿಲ್ಲ' ಎಂದು ಧೈರ್ಯವಾಗಿ ಟೀಕಿಸಿದ್ದ. ತೆರೆದು ನೋಡಿದರೆ ಆ ಪ್ಯಾರಾ ನಾನು ಕೊಟ್ಟ ಅಸೈನ್‌ಮೆಂಟಿನ ಪ್ರಶ್ನೆ. ಬರೆದವನು ಅದನ್ನು ಹಾಗೇ ಮೇಲೆ ಅಂಟಿಸಿದ್ದ. ಟೀಕೆ ಸರಿಯಾಗಿಯೇ ಇತ್ತು ಅನ್ನಿ.

ಅಕ್ಷರದ ಅಳತೆಗೂ ನಿಯಮವಿದೆ. ಹನ್ನೆರಡು ಪಾಯಿಂಟಿನ ಟೈಮ್ಸ್ ನ್ಯೂ ರೋಮನ್, ಸುತ್ತ ಒಂದಿಂಚು ಅಂಚು, ಎರಡು ಸಾಲಿನ ನಡುವೆ ಡಬಲ್ ಸ್ಪೇಸ್. ಲಂಡನ್ನಿನ 'ದಿ ಟೈಮ್ಸ್' ದಿನಪತ್ರಿಕೆಗಾಗಿ ಮಾಡಿದ, 1932ರಲ್ಲಿ ಅಲ್ಲಿ ಬಳಕೆಗೆ ಬಂದ ಈ ಅಕ್ಷರ ಕಡಿಮೆ ಜಾಗದಲ್ಲಿ ಜಾಸ್ತಿ ಪದ ಹಿಡಿಸುತ್ತದೆ. ನಮ್ಮ ಹುಡುಗರಿಗೆ ಬೇಕಾದದ್ದು ಉಲ್ಟಾ: ಕಡಿಮೆ ಪದ, ಜಾಸ್ತಿ ಪುಟ. ಹಾಗಾಗಿ ಅಕ್ಷರ ಹನ್ನೆರಡರಲ್ಲೇ ಇರುತ್ತದೆ, ಪೂರ್ಣವಿರಾಮಗಳು ಮಾತ್ರ ದಪ್ಪಗಾಗುತ್ತವೆ. ಸಾಲುಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಇಷ್ಟು ಕಷ್ಟಪಡುವ ಹೊತ್ತಿಗೆ ಇನ್ನೆರಡು ಪ್ಯಾರಾ ಬರೆಯಬಹುದಿತ್ತು ಎಂದರೆ ಕೇಳುವವರು ಯಾರು?

ಆಕರಗಳ ಪಟ್ಟಿಯ ವಿಷಯದಲ್ಲಿ ಮಾತ್ರ ನಾನು ಹುಡುಗರ ಪಕ್ಷ. ನಾವು ಪಾಲಿಸುವ, ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಮಾಡಿದ ಎಂಎಲ್‌ಎ ಪದ್ಧತಿಯ ಕೈಪಿಡಿ 2009ರಲ್ಲಿ ವೆಬ್ ವಿಳಾಸ ಬರೆಯಲೇಬೇಕೆಂದಿಲ್ಲ ಎಂದಿತ್ತು. 2016ರಲ್ಲಿ ಬರೆದರೆ ಒಳ್ಳೆಯದು ಎಂದಿತು. ಅಣ್ಣನ ಹಳೇ ಪುಸ್ತಕ ನೋಡಿ ಪಟ್ಟಿ ಮಾಡಿದ ಹುಡುಗಿಯ ಹತ್ತಿರ ನಾನು ಏನಂತ ವಾದ ಮಾಡಲಿ?

ಇನ್ನು ಆ ಪತ್ರ. ಬಹಳಷ್ಟು ಪತ್ರಗಳು ಒಂದೇ ರೀತಿ ಶುರುವಾಗುತ್ತವೆ: 'ಈ ಕೋರ್ಸಿಗೆ ಬರುವ ಮೊದಲು ನನಗೆ ಬರೆಯಲು ಬರುತ್ತಿರಲಿಲ್ಲ.' ಮುಂದಿನ ಸಾಲಿನಲ್ಲೇ ನನ್ನ ಹೆಸರು ತಪ್ಪಾಗಿರುತ್ತದೆ. ನನಗೆ ಬೇಕಿರುವುದು ಹೊಗಳಿಕೆ ಅಲ್ಲ. 'ನಾಲ್ಕನೇ ಪ್ಯಾರಾವನ್ನು ಮೊದಲಿಗೆ ತಂದೆ, ಯಾಕೆಂದರೆ ಓದುವವರಿಗೆ ವಿಷಯ ಅಲ್ಲಿಯವರೆಗೆ ಗೊತ್ತಾಗುತ್ತಿರಲಿಲ್ಲ' ಎಂಬಂಥ ಒಂದು ಮಾತು. ಒಬ್ಬಳು ಬರೆದಿದ್ದಳು: 'ನೀವು ಹೇಳಿದಿರಿ ಅಂತ ಮುಕ್ತಾಯ ಬದಲಾಯಿಸಿದೆ. ನನಗೆ ಈಗಲೂ ಹಳೆಯದೇ ಇಷ್ಟ.' ಯಾಕೆ ಇಷ್ಟ ಅಂತ ಆಮೇಲೆ ಅರ್ಧ ಪುಟ. ಓದಿ ನೋಡಿದರೆ ಹಳೆಯದೇ ಚೆನ್ನಾಗಿತ್ತು. ಪತ್ರಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟೆ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಡ್ರಾಫ್ಟುಗಳಿಗೆ ಬೆಲೆ ಏರಿದೆ. ಕೈಯಾರೆ ಬರೆದದ್ದು ಅನ್ನುವುದಕ್ಕೆ ಈಗ ಅವೇ ಸಾಕ್ಷಿ. ಇಲ್ಲೇ ಒಬ್ಬ ಹುಡುಗ ಸಿಕ್ಕಿಹಾಕಿಕೊಂಡ. ಅವನು ಚೆನ್ನಾಗಿ ಬರೆಯುತ್ತಾನೆ. ಕೂತರೆ ಒಂದೇ ಪಟ್ಟಿಗೆ ಮುಗಿಸಿಯೇ ಏಳುವುದು. ಪೀರ್ ರಿವ್ಯೂ ದಿನ ಅವನು ಬಂದಿರಲಿಲ್ಲ, ಮೊದಲ ಡ್ರಾಫ್ಟ್ ಯಾರೂ ನೋಡಿರಲಿಲ್ಲ. ಪೋರ್ಟ್‌ಫೋಲಿಯೊದಲ್ಲಿ ಮಾತ್ರ ಅದು ಲಕ್ಷಣವಾಗಿ ಕೂತಿತ್ತು.

ಬೆಳಗಿನ ಮೊದಲ ಕ್ಲಾಸು ತಡವಾಗಿ ಶುರುವಾಗಬೇಕು ಎಂಬುದು ಅವನ ವಿಷಯ. ಆ ಡ್ರಾಫ್ಟಿನ ಮೊದಲ ವಾಕ್ಯ: 'ಮಾನವನು ಭೂಮಿಯ ಮೇಲೆ ಕಾಲಿಟ್ಟಂದಿನಿಂದಲೂ ನಿದ್ರಿಸುತ್ತಾ ಬಂದಿದ್ದಾನೆ.' ಎರಡನೆಯದು, ನಿದ್ರೆ ಎಂದರೇನು ಎಂಬ ನಿಘಂಟಿನ ಅರ್ಥ. ಮೂರನೇ ಪ್ಯಾರಾ 'ಇನ್ನೊಂದು ಕಡೆಯಿಂದ ನೋಡಿದರೆ' ಎಂದು ಶುರು. ಮೊದಲನೇ ಕಡೆ ಎಲ್ಲಿ ಅಂತ ಹುಡುಕಿದರೂ ಸಿಗದು. ಕೊನೆಗೆ, 'ಒಟ್ಟಿನಲ್ಲಿ ನಿದ್ರೆಗೆ ಅನುಕೂಲಗಳೂ ಇವೆ, ಅನಾನುಕೂಲಗಳೂ ಇವೆ.' ಸೆಮಿಸ್ಟರ್ ಪೂರ್ತಿ ನಾನು ಬೇಡ ಬೇಡ ಎಂದದ್ದೆಲ್ಲ ಅಲ್ಲಿತ್ತು, ಒಂದೊಂದೇ ಸಲ, ಸಾಲಾಗಿ. ನಿಜವಾದ ಕೆಟ್ಟ ಡ್ರಾಫ್ಟು ಹೀಗಿರುವುದಿಲ್ಲ. ಅದರಲ್ಲಿ ಅರ್ಧಕ್ಕೆ ನಿಂತ ವಾಕ್ಯ ಇರುತ್ತದೆ, ಸುಮ್ನೆ ಒಂದೇ ಮಾತು ಎರಡು ಸಲ ಬಂದಿರುತ್ತದೆ, ತಪ್ಪು ಜಾಗದಲ್ಲಿ ಒಂದು ಒಳ್ಳೆಯ ಸಾಲೂ ಇರುತ್ತದೆ. ಕರೆಸಿದೆ.

'ಇದನ್ನ ಯಾವಾಗ ಬರೆದಿದ್ದಪ್ಪಾ?'

'ಶುರುವಿನಲ್ಲೇ ಮೇಡಂ.'

'ನಾನು ಎರಡನೇ ಡ್ರಾಫ್ಟಿಗೆ ಕೇಳಿದ ಪ್ರಶ್ನೆಗೆ ಇದರಲ್ಲೇ ಉತ್ತರ ಇದೆಯಲ್ಲ?'

ಸ್ವಲ್ಪ ಹೊತ್ತು ಫ್ಯಾನ್ ನೋಡಿದ. ಆಮೇಲೆ, 'ಬೇಕು ಅಂತ ಕೆಟ್ಟದಾಗಿ ಬರೆಯೋದು ತುಂಬಾ ಕಷ್ಟ ಮೇಡಂ. ಮೊದಲು ಬರೆದಿದ್ದು ಅಷ್ಟೊಂದು ಕೆಟ್ಟದಾಗಿ ಬರಲೇ ಇಲ್ಲ. ತಿದ್ದಿ ತಿದ್ದಿ ಸಾಕಾಯ್ತು' ಎಂದ.

'ಆ ತಿದ್ದಿದ್ದೆಲ್ಲ ಎಲ್ಲಿ?'

ಲ್ಯಾಪ್‌ಟಾಪ್ ತೆರೆದ. ಒಂದರ ಕೆಳಗೆ ಒಂದು ಫೈಲು. ಸಾಲು ಹೊಡೆದು ಹಾಕಿದ್ದ, ಜಾಗ ಬದಲಿಸಿದ್ದ, ಮತ್ತೆ ಮೊದಲಿನ ಜಾಗಕ್ಕೆ ತಂದಿದ್ದ. ಅಂಚಿನಲ್ಲಿ ತನಗೆ ತಾನೇ ಟಿಪ್ಪಣಿ ಬರೆದುಕೊಂಡಿದ್ದ: 'ಈ ಉದಾಹರಣೆ ಚೆನ್ನಾಗಿದೆ, ತೆಗೀಬೇಕು.' 'ಇಲ್ಲಿ ವಾದ ಇನ್ನೂ ಅರ್ಥ ಆಗ್ತಿದೆ, ಹಾಳು ಮಾಡು.' ಇಡೀ ಕ್ಲಾಸಿನಲ್ಲಿ ನಾನು ನೋಡಿದ ಅತಿ ಶ್ರದ್ಧೆಯ ತಿದ್ದುಪಡಿ ಅದು.

ಸುಳ್ಳು ಡ್ರಾಫ್ಟಿನ ಮಾರ್ಕ್ಸು ನಿಯಮದ ಪ್ರಕಾರ ಹೋಯಿತು. ಆದರೆ ಆ ಫೈಲುಗಳನ್ನೆಲ್ಲ ಪೋರ್ಟ್‌ಫೋಲಿಯೊಗೆ ಸೇರಿಸಿ, ಹೇಗೆ ಕೆಡಿಸಿದೆ ಅಂತಲೇ ಪತ್ರ ಬರೆದು ತಾ ಎಂದೆ. ಬಾಗಿಲವರೆಗೆ ಹೋದವನು ವಾಪಸ್ ಬಂದ.

'ಅಲ್ಲ ಮೇಡಂ, ಇದಕ್ಕೂ ಪೀರ್ ರಿವ್ಯೂ ಮಾಡಿಸ್ಬೇಕಾ?'