ಸ್ಪಷ್ಟನೆ: ಹೊರಗಿನ ತಂಪು ಚಿಪ್‌ಗೆ ತಲುಪುವುದಿಲ್ಲ

ತೀರ್ಥಹಳ್ಳಿ ಕಡೆಯ ನಮ್ಮ ವಾಟ್ಸಾಪ್ ಗುಂಪಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಮಲೆನಾಡಲ್ಲಿ ತಂಪು ಜಾಸ್ತಿ, ಮನೆ ಸರ್ವರ್‌ಗಳ ಬಿಸಿ ನೋಡಬೇಕಿಲ್ಲ. ಸೆನ್ಸರ್ 52000 ಅಂತೆಲ್ಲ ತೋರಿಸುತ್ತೆ, ಅದನ್ನು ನಂಬಬೇಡಿ.’ ಎರಡೂ ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ನಮ್ಮ ಮನೆಯಲ್ಲಿ ನಾಲ್ಕು ರಾಸ್ಪ್‌ಬೆರಿ ಪೈ 4 (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, ಇವೇ ನಮ್ಮ ಮನೆ ಸರ್ವರ್) ಒಂದರ ಮೇಲೊಂದು ಕೂತಿವೆ. ಕಳೆದ ಆಷಾಢದಲ್ಲಿ ಇರಚಲು ಬಡಿಯುತ್ತೆ ಅಂತ ಅವನ್ನು ಮರದ ಬೀರುವಿನಲ್ಲಿಟ್ಟು ಬಾಗಿಲು ಹಾಕಿದ್ದೆ. ಹೊರಗೆ ಕಂಬಳಿ ಹೊದೆಯುವ ಚಳಿ. ಒಳಗೆ ಮೂರನೇ ಬೋರ್ಡ್ 81 ಡಿಗ್ರಿ! ಬಾಗಿಲು ತೆಗೆದರೆ ಮುಖಕ್ಕೆ ಬಿಸಿ ಹಬೆ ಹೊಡೆದ ಹಾಗಾಯಿತು.

ಚಿಪ್ ತನ್ನ ಬಿಸಿಯನ್ನು ಸುತ್ತಲಿನ ಗಾಳಿಗೆ ಬಿಡಬೇಕು. ಆ ಗಾಳಿಯೇ ಕದಲದೆ ನಿಂತರೆ ಹೊರಗೆ ಎಷ್ಟು ಮಳೆ ಸುರಿದರೇನು? ಪೈ 4ರ ಬಿಸಿ 80 ಡಿಗ್ರಿ ದಾಟಿದರೆ ಅದು ತಾನೇ ವೇಗ ಇಳಿಸುತ್ತೆ, 85 ದಾಟಿದರೆ ಇನ್ನೂ ಜಾಸ್ತಿ. ಸುಟ್ಟು ಹೋಗುವುದಿಲ್ಲ, ಕೆಲಸ ಎಳೆಯುತ್ತೆ. ನಾವು ಸುಮ್ನೆ ಇಂಟರ್‌ನೆಟ್ ಬೈಯುತ್ತೇವೆ, ಅಲ್ವಾ?

ಇನ್ನು ಆ 52000. ಈ ಪೈಗಳನ್ನು ನಡೆಸುವ ತಂತ್ರಾಂಶ ಲಿನಕ್ಸ್, ಬಿಸಿಯನ್ನು ಡಿಗ್ರಿಯ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಬರೆಯುತ್ತೆ. ಸಾವಿರದಿಂದ ಭಾಗಿಸಿ, 52 ಡಿಗ್ರಿ. ಸೆನ್ಸರ್ ಸರಿಯಾಗೇ ಇದೆ.

ಎಲ್ಲ ಬೋರ್ಡುಗಳ ಸರಾಸರಿ ಮಾತ್ರ ನೋಡಬೇಡಿ. ನಮ್ಮಲ್ಲಿ ಮಿಕ್ಕ ಮೂರು ತಣ್ಣಗಿದ್ದದ್ದಕ್ಕೇ ಮೂರನೆಯದು ಕಣ್ಣು ತಪ್ಪಿಸಿತ್ತು. ಪ್ರತಿ ಬೋರ್ಡಿನ ಬಿಸಿಯನ್ನೂ ನಿಮಿಷಕ್ಕೊಮ್ಮೆ ಬೇರೆ ಬೇರೆಯಾಗಿ ದಾಖಲಿಸಿ, 75ಕ್ಕೆ ಎಚ್ಚರಿಕೆ ಬರುವ ಹಾಗೆ ಇಡಿ. ನಾನು ಬೀರುವಿನ ಹಿಂಬದಿಗೆ ತೂತು ಕೊರೆದು ಸಣ್ಣ ಫ್ಯಾನ್ ಕೂರಿಸಿದೆ. ಈಗ ಮೂರನೆಯದು 60ರ ಒಳಗೇ ಇದೆ.