ಸೂರ್ಯನಿಗೊಬ್ಬ ನೈಟ್ ವಾಚ್‌ಮನ್

ಪಿಯುಸಿ ಫಲಿತಾಂಶ ಬಂತು ಅಂದರೆ ಮನೆಯಲ್ಲಿ ಹಿಂದೆ ಎರಡೇ ಪ್ರಶ್ನೆ: ಡಾಕ್ಟರಾ, ಎಂಜಿನಿಯರಾ? ಈಗ ಮೂರನೆಯದೊಂದು ಸೇರಿದೆ, ಹಸಿರು ಉದ್ಯೋಗ. ಭೂಮಿಯನ್ನೂ ಉಳಿಸಬಹುದು, ಇಎಂಐಯನ್ನೂ ಕಟ್ಟಬಹುದು. ಇಂಥದ್ದಕ್ಕೆ ಯಾವ ಅಪ್ಪ ಅಮ್ಮ ಬೇಡ ಅಂದಾರು?

ಹಸಿರು ಉದ್ಯೋಗ ಅಂದರೆ ಏನು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿಟ್ಟಿದೆ. ಕೆಲಸ ಪರಿಸರವನ್ನು ಉಳಿಸಬೇಕು, ಜೊತೆಗೆ ಮರ್ಯಾದೆಯ ಕೆಲಸವೂ ಆಗಿರಬೇಕು. ಸರಿಯಾದ ಸಂಬಳ, ಸುರಕ್ಷತೆ, ಹಕ್ಕು ಎಲ್ಲ ಇರಬೇಕು. ಎರಡನ್ನೂ ಒಬ್ಬರ ಕೈಗೇ ಕೊಟ್ಟರೆ ಜಾಸ್ತಿ ಆಯಿತು ಅಲ್ವಾ? ನಾವು ನ್ಯಾಯವಾಗಿ ಹಂಚಿದ್ದೇವೆ. ಮರ್ಯಾದೆ ಒಬ್ಬರಿಗೆ, ಪರಿಸರ ಇನ್ನೊಬ್ಬರಿಗೆ.

ಮರ್ಯಾದೆಯ ಪಾಲು ಸಿಗುವುದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳು ಪರಿಸರದ ಬಗ್ಗೆ ವರ್ಷ ವರ್ಷ ವರದಿ ಒಪ್ಪಿಸಲೇಬೇಕು ಅಂತ ಷೇರುಪೇಟೆಯ ಕಾವಲು ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ವರದಿ ಬೇಕು ಅಂದ ಮೇಲೆ ಬರೆಯುವವರು ಬೇಕು. ಬರೆದದ್ದನ್ನು ನೋಡುವವರು ಬೇಕು. ನೋಡಿದ್ದು ಸರಿಯಿದೆ ಅಂತ ಸಹಿ ಹಾಕುವವರೂ ಬೇಕು. ಸಸ್ಟೈನಬಿಲಿಟಿ ಮ್ಯಾನೇಜರ್, ಇಎಸ್‌ಜಿ (ಅಂದರೆ ಪರಿಸರ, ಸಮಾಜ, ಆಡಳಿತ) ಅನಲಿಸ್ಟ್ ಅಂತ ಕುರ್ಚಿಗಳು ಬಂದವು. ಎಸಿ ಎಷ್ಟು ಕರೆಂಟು ತಿಂದಿತು ಅಂತ ಎಸಿಯಲ್ಲಿ ಕೂತು ಲೆಕ್ಕ ಹಾಕುವ ಕೆಲಸ. ಸುಲಭ ಅಂದುಕೊಳ್ಳಬೇಡಿ, ಎಕ್ಸೆಲ್ ಬರಬೇಕು. ಅದೇ ಕಟ್ಟಡದ ಹಿಂದಿನ ಗೇಟಿನಲ್ಲಿ ಹಸಿಕಸ ಒಣಕಸ ಬೇರೆ ಮಾಡುವ ಹೆಂಗಸರಿದ್ದಾರಲ್ಲ, ಅವರ ಕೆಲಸವೂ ವರದಿಯಲ್ಲಿ ಬರುತ್ತದೆ. ಟನ್ ಲೆಕ್ಕದಲ್ಲಿ.

ಬಡ್ತಿ ಇದೆಯಾ ಅಂತ ಕೇಳುತ್ತೀರಿ. ಇದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೋಡಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ. ಯಾವ ಜಾತಿಯ ತಾಯಿಮರ ಕಾಡಿನಲ್ಲಿ ಎಲ್ಲಿದೆ, ಅದರ ಬೀಜ ಯಾವಾಗ ಆಯಬೇಕು ಎಲ್ಲ ಬಾಯಿಪಾಠ ಆಗಿತ್ತು. ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿ ಆಗಿದ್ದು ಆಮೇಲೆ ಕಾಯಂ ಆದರು. 2021ರಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಪಡೆದರು. ನಾವೆಲ್ಲ ಆ ಫೋಟೊವನ್ನು ಸ್ಟೇಟಸ್‌ಗೆ ಹಾಕಿಕೊಂಡೆವು. ದಿನಗೂಲಿಗೂ ಪದ್ಮಶ್ರೀಗೂ ನಡುವೆ ಇರುವುದು ಒಂದೇ ಮೆಟ್ಟಿಲು. ಹತ್ತುವುದಕ್ಕೆ ಮೂವತ್ತು ವರ್ಷ ಬೇಕು, ಅಷ್ಟೇ.

ಇನ್ನು ಪರಿಸರದ ಪಾಲು. ಅದನ್ನು ನೋಡುವುದಕ್ಕೆ ಪಾವಗಡಕ್ಕೆ ಹೋಗಬೇಕು. ತುಮಕೂರು ಜಿಲ್ಲೆ, ಆಂಧ್ರದ ಗಡಿ, ಬರ ಅಲ್ಲಿಯ ಕಾಯಂ ನಿವಾಸಿ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್. ಜಮೀನು ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದ ರೈತರಿಗೆ ಇದು ಕೆಟ್ಟ ವ್ಯವಹಾರವೇನಲ್ಲ, ನಾನೂ ಒಪ್ಪುತ್ತೇನೆ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ ಬಾಡಿಗೆ ಯಾಕೆ ಬರುತ್ತದೆ? ಅವರ ಹೆಸರಿನಲ್ಲಿ ಪಹಣಿಯೇ ಇಲ್ಲ.

ಅವರಿಗಾಗಿಯೇ ಹಸಿರು ಉದ್ಯೋಗ ಇದೆ. ಪ್ಯಾನೆಲ್ ಕೆಳಗಿನ ಹುಲ್ಲು ಕೀಳುವುದು, ಮೇಲಿನ ಧೂಳು ತೊಳೆಯುವುದು, ಇಲ್ಲವೇ ಸುಮ್ನೆ ಕಾಯುವುದು. ಕಳೆ ಕೀಳುತ್ತಿದ್ದವರು ಹುಲ್ಲು ಕೀಳತೊಡಗಿದರೆ ಅದನ್ನು ಕೌಶಲ್ಯಾಭಿವೃದ್ಧಿ ಅಂತ ಬರೆದುಕೊಳ್ಳಬಹುದು. ತೊಳೆಯುವುದಕ್ಕೆ ದೇಶದ ಹಲವು ಸೋಲಾರ್ ಪಾರ್ಕ್‌ಗಳಲ್ಲಿ ರೋಬೋಟ್‌ಗಳು ಬಂದಿವೆ. ಪಾಪ, ಅವಕ್ಕೂ ಉದ್ಯೋಗ ಬೇಕಲ್ಲ. ನನಗೆ ಬಹಳ ಇಷ್ಟವಾದದ್ದು ಕಾಯುವ ಕೆಲಸ. ಸೂರ್ಯ ಮುಳುಗಿದ ಮೇಲೆ ಟಾರ್ಚ್ ಹಿಡಿದುಕೊಂಡು ಸೋಲಾರ್ ಪಾರ್ಕಿನಲ್ಲಿ ನೈಟ್ ಡ್ಯೂಟಿ!

ಇದಕ್ಕಿಂತ ಮೇಲಿನ ಕೆಲಸ ಬೇಕು ಅನ್ನುವ ಹುಡುಗರಿಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಸೂರ್ಯಮಿತ್ರ ಅಂತ ತರಬೇತಿ ಶುರು ಮಾಡಿತು. 600 ಗಂಟೆಯ ಪಾಠ. ಪ್ಯಾನೆಲ್ ಕೂರಿಸುವುದು, ವೈರಿಂಗ್ ಮಾಡುವುದು, ರಿಪೇರಿ. ಒಳ್ಳೆಯ ಯೋಜನೆಯೇ. ಆದರೆ ಇಂಥ ದೊಡ್ಡ ಪಾರ್ಕಿಗೆ ಜನ ಬೇಕಾಗುವುದು ಕಟ್ಟುವಾಗ. ಕಟ್ಟಿ ಮುಗಿದ ಮೇಲೆ ಸೂರ್ಯ ಇದ್ದರೆ ಸಾಕು, ಮಿತ್ರರು ಅಷ್ಟಾಗಿ ಬೇಕಾಗುವುದಿಲ್ಲ.

ಕುರಿ ಕಾಯುವವರ ಕತೆ ಇನ್ನೂ ಚೆಂದ. ಅಮೆರಿಕದಲ್ಲಿ ಪ್ಯಾನೆಲ್ ಕೆಳಗಿನ ಹುಲ್ಲು ಮೇಯಿಸುವುದಕ್ಕೆ ಸೋಲಾರ್ ಕಂಪನಿಗಳೇ ಕುರಿಗಳನ್ನು ಕರೆಸುತ್ತವೆ. ಕುರಿ ತಂದವರಿಗೆ ದುಡ್ಡು ಕೊಡುತ್ತವೆ. ಈ ಕಸುಬಿಗೆ ಅಲ್ಲೊಂದು ಸಂಘವೂ ಇದೆ. ಪಾವಗಡದಲ್ಲಿ ಯಾರನ್ನೂ ಕರೆಸುವ ಕಷ್ಟ ಇರಲಿಲ್ಲ. ಕುರಿಗಳು ಮೊದಲೇ ಇದ್ದವು, ಹುಲ್ಲೂ ಇತ್ತು. ನಡುವೆ ಬೇಲಿ ಬಂತು. ಈಗ ಬೇಲಿಯ ಒಳಗೆ ಮನುಷ್ಯರು ಹುಲ್ಲು ಕೀಳುತ್ತಾರೆ, ಹೊರಗೆ ಕುರಿಗಳು ಹುಲ್ಲು ಹುಡುಕುತ್ತವೆ. ಅವಕ್ಕೂ 600 ಗಂಟೆ ತರಬೇತಿ ಕೊಡಿಸಿ, ಸರ್ಟಿಫಿಕೇಟನ್ನು ಕೊರಳಿಗೆ ಕಟ್ಟಿದರೆ ಒಳಗೆ ಬಿಡುತ್ತಾರೋ ಏನೋ. ಸಂಬಳ ಕೇಳುವುದಿಲ್ಲ, ಪಿಎಫ್ ಕೇಳುವುದಿಲ್ಲ. ವರದಿಯ ಮುಖಪುಟಕ್ಕೆ ಫೋಟೊ ಕೂಡ ಚೆನ್ನಾಗಿ ಬರುತ್ತದೆ.