ಬೆಂಕಿಗೆ ಸಿಗದ ಮರಗೆಲಸ
ಅಮೆರಿಕದ ನಾರ್ತ್ ಕ್ಯಾರೊಲಿನಾದ ಈಡೆಂಟನ್ ಊರಿನ ಸೇಂಟ್ ಪಾಲ್ಸ್ ಎಪಿಸ್ಕೋಪಲ್ ಚರ್ಚ್ ಬಗ್ಗೆ ನಿಮ್ಮ ಲೇಖನ ಓದಿ ಖುಷಿಯಾಯಿತು. ಆದರೆ ಕಟ್ಟಡ 1701ರದು ಎಂದಿದ್ದೀರಿ. ಅದು ಪ್ಯಾರಿಷ್ (ಚರ್ಚ್‌ಗೆ ಸೇರಿದ ಸ್ಥಳೀಯ ಭಕ್ತರ ಸಮುದಾಯ) ಶುರುವಾದ ವರ್ಷ. ಈಗಿರುವ ಇಟ್ಟಿಗೆ ಕಟ್ಟಡಕ್ಕೆ ಕೈ ಹಾಕಿದ್ದು 1736ರಲ್ಲಿ. ಮುಗಿಯೋಕೆ ದಶಕಗಳೇ ಹಿಡಿದವು!

1949ರಲ್ಲಿ ಚರ್ಚ್‌ಗೆ ಬಿದ್ದ ಬೆಂಕಿಯ ವಿಷಯ ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಿ. ನನಗೆ ಅದೇ ಜಾಸ್ತಿ ಇಷ್ಟವಾದ ಭಾಗ. ಆಗ ರಿಪೇರಿ ನಡೆಯುತ್ತಿತ್ತು. ಹಾಗಾಗಿ ಒಳಗಿನ ಹಳೆಯ ಮರಗೆಲಸವನ್ನು ಬಹುಪಾಲು ಮೊದಲೇ ಬಿಚ್ಚಿ ಹೊರಗೆ ಸಾಗಿಸಿದ್ದರು. ಬೆಂಕಿ ಬಿದ್ದಾಗ ಅದು ಬಚಾವಾಯಿತು. ಅದೃಷ್ಟ ಅಂದರೆ ಇದು!

ಇನ್ನೊಂದು ಮಾತು. ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಜೇಕಬ್ಸ್ ಇದೇ ಊರಿನವರು. ಮಾಲೀಕನಿಂದ ತಪ್ಪಿಸಿಕೊಳ್ಳಲು ಅಜ್ಜಿ ಮನೆಯ ಅಟ್ಟದಲ್ಲಿ, ಎದ್ದು ನಿಲ್ಲೋಕೂ ಆಗದ ಜಾಗದಲ್ಲಿ, ಸುಮಾರು 7 ವರ್ಷ ಅಡಗಿದ್ದರು. ಊರಿನ ಇತಿಹಾಸದಲ್ಲಿ ಅವರಿಗೂ ಒಂದು ಸಾಲು ಬೇಕಿತ್ತು, ಅಲ್ವಾ?